ಉಪ್ಪುನೀರು ಮತ್ತು ಚಿಮಣಿ ಎಣ್ಣೆ

ನಾನು ಬ್ಯಾಡಗಿಯಲ್ಲಿ ಪತ್ರಿಕೆಯ ವರದಿಗಾರನಾಗಿದ್ದಾಗ ನಮ್ಮ ಪಕ್ಕದ ಮನೆಯ ಚಾಚಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಏನೇ ಕೇಳಿದರೂ ಕೊನೆಗೆ "ಖರೇ ಹೇಳ್ರಿ" ಎಂದು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

ಕೊಲ್ಲಿ ಯುದ್ಧದಲ್ಲಿ ಸಮುದ್ರಕ್ಕೆ ಎಣ್ಣೆ ಹರಿದ ಸುದ್ದಿ ರೇಡಿಯೊದಲ್ಲಿ ಬಂದಾಗ ಅವರ ಮಗ ಸೌದಿಯಲ್ಲಿದ್ದ. ಅಲ್ಲಿ ಸಮುದ್ರದ ನೀರನ್ನೇ ಯಂತ್ರದಿಂದ ಸಿಹಿ ಮಾಡಿ ಕುಡಿಯುತ್ತಾರೆ.

ಮರುದಿನ ಚಾಚಿ ಒಂದು ಗ್ಲಾಸು ತಂದರು. ಉಪ್ಪುನೀರಿಗೆ ಚಿಮಣಿ ಎಣ್ಣೆ ಹಾಕಿ ಕಲಕಿ, ತೇಲಿದ್ದನ್ನೆಲ್ಲ ಬಟ್ಟೆಯಿಂದ ತೆಗೆದಿದ್ದರು.

"ಪೇಪರ್ ಸಾಹೇಬ್ರ, ಖಾರಕ್ಕ ನನ್ನ ಮೂಗು ಸತ್ತೈತಿ. ನೀವ ಮೂಸ್ರಿ. ಖರೇ ಹೇಳ್ರಿ."

ನೀರು ತಿಳಿಯಾಗಿತ್ತು, ಆದರೆ ವಾಸನೆ ಇತ್ತು.

"ಸ್ವಲ್ಪ ಕರಗೈತಿ, ಚಾಚಿ."

"ಕರಗಿದ್ದನ್ನ ಅಲ್ಲಿ ಮಷೀನು ತೆಗೀತೈತೇನ್ರಿ?"

"ಅದು ನನಗೂ ಗೊತ್ತಿಲ್ಲ, ಚಾಚಿ."

"ಹಂಗಾರ ಕುಡಿಯೂ ಮೊದಲ ಮೂಸಿ ನೋಡಂತ ಅವಂಗ ಬರೀರಿ."

ಬರೆದೆ. ವಾಸನೆ ಬಾರದ ನೀರಾದರೂ ಶುದ್ಧವೇ ಎಂಬುದು ನನಗೆ ಗೊತ್ತಿರಲಿಲ್ಲ.