ಮೈಲೇಜ್ ಮಾವ

ನಮ್ಮ ಬೀದಿಯ ಮೈಲೇಜ್ ಮಾವ ಹೊಸ ಪಿಕಪ್ ತಂದಾಗಿನಿಂದ ಯಾರ ಆರೋಗ್ಯಾನೂ ವಿಚಾರಿಸಿದವನಲ್ಲ, "ನಿಂದು ಲೀಟರಿಗೆ ಎಷ್ಟು ಕೊಡುತ್ತೆ?" ಅಂತಲೇ ಅವನ ಮಾತು ಶುರು. ಕಂಪನಿಯವರು ಹದಿನಾರು ಅಂದಿದ್ರಲ್ಲ ಅಂದ್ರೆ, "ಅದು ಕಾಗದದ ಮೇಲೆ ಕಣಯ್ಯ, ರೋಡಿನ ಮೇಲೆ ಹದಿಮೂರು" ಅನ್ನೋನು. ಆ ಹದಿಮೂರನ್ನ ಹದಿನಾಲ್ಕು ಮಾಡೋಕೆ ಚಪ್ಪಲಿ ಬಿಚ್ಚಿಟ್ಟು, ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ ಆಕ್ಸಿಲರೇಟರ್ ತುಳಿಯೋನು. ಒಂದ್ಸಲ ಕೋಳಿಯೊಂದು ಅವನ ಗಾಡೀನ ಹಿಂದೆ ಹಾಕಿ, ತಿರುಗಿ ನೋಡಿ, ಅಯ್ಯೋ ಪಾಪ ಅಂತ ನಿಂತಿತ್ತಂತೆ. ಭಾರ ಅಂತ ಸ್ಟೆಪ್ನೀನೂ ಮನೇಲೇ ಬಿಟ್ಟು ಬರೋನು. ದಿನಾ ಪಕ್ಕದಲ್ಲಿ ಕೂತು, ಲೋಡು ಇಳಿಸೋವರೆಗೂ ಹರಟ್ತಾ ಬರ್ತಿದ್ದ ಹೆಂಡತಿ ತೀರಿಕೊಂಡ ಮೇಲೆ, ಒಬ್ಬನೇ ಓಡಿಸಿದ ಮೊದಲ ತಿಂಗಳು ಲೆಕ್ಕ ಹಾಕಿದ್ರೆ ಸರಿಯಾಗಿ ಹದಿನಾಲ್ಕು ಬಂತು. ಅಷ್ಟು ದಿನದ ಆಸೆ ಕೈಗೂಡಿದ್ದನ್ನ ಅವನು ಯಾರಿಗೂ ಹೇಳಲಿಲ್ಲ. ಮಾರನೇ ದಿನ ಒಂದು ಮೂಟೆ ಮರಳು ತಂದು, ಅವಳು ಕೂರ್ತಿದ್ದ ಸೀಟಲ್ಲಿ ಮೆಲ್ಲಗೆ ಕೂರಿಸಿ, ಬೆಲ್ಟ್ ಹಾಕಿದ. "ಇದೇನು ಮಾವ, ಮೈಲೇಜ್ ಬೀಳಲ್ವಾ?" ಅಂತ ಪಕ್ಕದ ಮನೆಯವನು ಕೇಳಿದ. "ಬೀಳಲಿ ಬಿಡಪ್ಪ," ಅಂದ ಮಾವ, "ಅವಳಿದ್ದಾಗ ಎಷ್ಟು ಕೊಡ್ತಿತ್ತೋ ಅಷ್ಟೇ ಸಾಕು."