ಬೆನ್ನು ತೋರಿಸದ ಹುಂಜ

ಹೈದರಾಬಾದಿನ ನಾಚಾರಂನಲ್ಲಿ ಬಾಡಿಗೆ ಮನೆಯ ಹಿತ್ತಿಲಲ್ಲಿ ಕೋಳಿ ಸಾಕುತ್ತಿದ್ದಾಗ ಹುಂಜ ಆರಿಸಲು ನನ್ನದು ಒಂದೇ ಪರೀಕ್ಷೆ. ಒಂದೇ ಕಾವಿನ ಎರಡು ಎಳೆ ಹುಂಜಗಳನ್ನು ಎದುರುಬದುರು ಬಿಡುವುದು. ಬೆನ್ನು ತಿರುಗಿಸಿ ಓಡಿದ್ದು ಭಾನುವಾರದ ಸಾರಿಗೆ, ನಿಂತು ಕಾದಾಡಿದ್ದು ಹೇಟೆಗಳ ಜೊತೆಗೆ. ಕೊಯ್ಯುವವಳೂ ನಾನೇ, ನಮ್ಮ ಯಜಮಾನರಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ. ನಾಲ್ಕು ತಲೆಮಾರು ಹೀಗೆ ಆರಿಸಿದ ಮೇಲೆ ಹುಟ್ಟಿದ್ದು ಕೆಂಪು ಹುಂಜ. ಒಂದು ಬೆಕ್ಕಿನ ಕಣ್ಣು ಕಿತ್ತಿತ್ತು. ಅದರ ಕಾಲಿನ ಮುಳ್ಳು ಸೀಳಿದ ಕಲೆ ನನ್ನ ಮೀನಖಂಡದ ಮೇಲೆ ಈಗಲೂ ಇದೆ. ಅದರ ಮೇಲೆ ನನಗೆ ಪ್ರಾಣ.

ಆಗ ಊರಿಗೆಲ್ಲ ಸಾಫ್ಟ್‌ವೇರ್ ಹುಚ್ಚು. ಮನೆ ಮಾಲಕರು ನಮ್ಮ ಕಡೆಯವರೇ, ಅವರ ಮಗನಿಗೂ ಅಂಥ ನೌಕರಿ ಸಿಕ್ಕಿ, ಹಿತ್ತಿಲಿಗೆ ಕರಿ ಕಾರು ಬಂದು ನಿಂತಿತು. ಕನ್ನಡಿಯಂತೆ ಹೊಳೆಯುವ ಬಾಗಿಲು. ಮೊದಲ ದಿನವೇ ಹುಂಜ ಅದರಲ್ಲಿ ತನ್ನನ್ನು ಕಂಡು, ಬೇರೆ ಹುಂಜವೆಂದು ಎಗರಿ ಒದೆಯಿತು. ಅವನ ಕೂಗಾಟ ಕೇಳಲಾರದೆ ನಾನು ಕಾರು ನಿಂತಾಗಲೆಲ್ಲ ಬಾಗಿಲಿಗೆ ಹಳೆಯ ಸೀರೆ ಹೊದಿಸತೊಡಗಿದೆ. ಬೆಳಿಗ್ಗೆ ಅವನು ಸೀರೆ ಸರಿಸಿ ಹೊರಡುವ ತನಕ ಹುಂಜವನ್ನು ಗೂಡಿನಲ್ಲಿ ಕೂಡಿಹಾಕುತ್ತಿದ್ದೆ.

ಒಂದು ಬೆಳಿಗ್ಗೆ ಅವನು ಕಿವಿಗೆ ಫೋನ್ ಒತ್ತಿಕೊಂಡೇ ಕಾರು ಹಿಂದಕ್ಕೆ ತೆಗೆದ. ಕೆಂಪು ಹುಂಜದ ಏಳು ಮರಿಗಳನ್ನು ಮೇಯಿಸುತ್ತಿದ್ದ ತಾಯಿಕೋಳಿ ಗಾಲಿಯಡಿ ಅಪ್ಪಚ್ಚಿಯಾಯಿತು, ಜೊತೆಗೆ ಐದು ಮರಿಗಳು. ಉಳಿದದ್ದು ಎರಡೇ. ಅವನು ಇಳಿದು ನೋಡಿದ.

"ಹಿಂದ ಕಾಣ್ಲಿಲ್ರಿ ಅಕ್ಕಾರ. ಹೆಂಗೂ ನೀವು ಕೊಯ್ಯೋ ಕೋಳಿನ ಅಲ್ಲೇನ್ರಿ?" ಎಂದು ಗಾಲಿ ತೊಳೆಯಲು ನೀರು ತರಹೋದ.

ನನಗೆ ಮೈಯೆಲ್ಲ ಉರಿಯಿತು. ಅವನು ಹೇಳಿದ್ದು ನಿಜವಾಗಿದ್ದರಿಂದ ಇನ್ನಷ್ಟು ಉರಿಯಿತು. ಗೂಡು ತೆಗೆದು, ಹುಂಜವನ್ನು ಎತ್ತಿ ತಂದು ಕಾರಿನ ಬಾಗಿಲ ಮುಂದೆ ಬಿಟ್ಟೆ.

ಕತ್ತಿನ ಗರಿ ಕೆದರಿ ಅದು ಎಗರಿತು. ಬಣ್ಣ ಕೆರೆದ ಸದ್ದು ಕೇಳಿ ನನಗೆ ಹಿತವೆನಿಸಿತು. ಎದುರಿನದು ಹಿಂದೆ ಸರಿಯುವಂಥದ್ದಲ್ಲ, ಇದೂ ಸರಿಯಲಿಲ್ಲ. ಕೊಕ್ಕು ಸೀಳಿತು. ಜುಟ್ಟು ಹರಿದು ರಕ್ತ ಕಣ್ಣಿಗಿಳಿಯಿತು. ಯಜಮಾನರು ಮನೆ ಬಾಗಿಲಲ್ಲಿ ನಿಂತು, "ಹಿಡಕೊ ಅದನ್ನ, ಸಾಯಾಕತ್ತೈತಿ," ಎಂದರು.

"ಸುಮ್ನಿರ್ರಿ. ಇನ್ನೊಂದೀಟು ಹೊಡೀಲಿ," ಎಂದೆ.

ಇನ್ನೊಂದು ಸಲ ಎಗರಿ ಬಿದ್ದದ್ದು ಏಳಲಿಲ್ಲ. ಎತ್ತಿಕೊಂಡರೆ ನನ್ನ ಕೈಯನ್ನೇ ಕುಕ್ಕಿತು, ಆಮೇಲೆ ಕತ್ತು ಜೋತುಬಿತ್ತು. ನೀರು ತಂದವನು ರಕ್ತ ಒರೆಸಿದ. ಬಾಗಿಲ ಮೇಲೆ ನಾಲ್ಕು ಗೀರು ಉಳಿದವು, ಅಷ್ಟೇ. ನಾನು ತಡೆಯಬಹುದಿತ್ತು. ತಡೆಯಲಿಲ್ಲ. ಹುಂಜವನ್ನು ಹಿತ್ತಿಲಲ್ಲೇ ಹೂತು, ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

ಉಳಿದ ಎರಡು ಮರಿಗಳು ಚಳಿಗಾಲದ ಹೊತ್ತಿಗೆ ಹುಂಜಗಳಾದವು. ರೂಢಿಯಂತೆ ಎದುರುಬದುರು ಬಿಟ್ಟೆ. ಒಂದು ಅಪ್ಪನ ಹಾಗೆಯೇ ಗರಿ ಕೆದರಿ ನಿಂತಿತು. ಇನ್ನೊಂದು ಓಡಿಹೋಗಿ ನೀರಿನ ಡ್ರಮ್ಮಿನ ಹಿಂದೆ ಅಡಗಿತು. ಆ ಭಾನುವಾರ, ನಿಂತದ್ದನ್ನು ಕೊಯ್ದೆ.