ಮ್ಯಾನಿಯ ಸೈಕಲ್ಲಿಗೆ ಒಂದು ಗಂಟೆ

ನಾರ್ಮಂಡ್ ಥಿಬೋಡೋ ಐವತ್ತು ದಾಟಿದ ಮೇಲೆ ಸೈಕಲ್ ಪಂದ್ಯಕ್ಕಿಳಿಯುತ್ತಾನೆ ಅಂತ ಯಾರಾದರೂ ಎರಡು ವರ್ಷದ ಹಿಂದೆ ಹೇಳಿದ್ದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ಅವನೇ. ಮೆರಿಮ್ಯಾಕ್ ನದಿಯ ದಂಡೆಯ ಹಳೇ ಗಿರಣಿ ಊರಿನ ಅಗ್ನಿಶಾಮಕ ಠಾಣೆಯಲ್ಲಿ ಅವನ ಅರ್ಧ ಆಯುಷ್ಯ ಕಳೆದಿತ್ತು. ಮೈ ದೊಡ್ಡದು, ಮಾತು ಚಿಕ್ಕದು. ಅಡುಗೆಯ ಸರದಿ ಬಂದ ದಿನ ಅಜ್ಜಿ ಕಲಿಸಿದ ಹಂದಿಮಾಂಸದ ಪೈ ಮಾಡಿ ಇಡೀ ಪಾಳಿಗೆ ಬಡಿಸುತ್ತಿದ್ದ. ಉಳಿದ ತುಂಡನ್ನು "ಹಾಳಾಗ್ಬಾರ್ದಲ್ಲ" ಎಂದು ತಾನೇ ಮುಗಿಸುತ್ತಿದ್ದ. ಹೀಗೆ ಹಾಳಾಗಬಾರದೆಂದು ತಿಂದದ್ದೆಲ್ಲ ಅವನ ಹೊಟ್ಟೆಯ ಮೇಲೆ ಎದ್ದು ಕಾಣುತ್ತಿತ್ತು. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ನಾರ್ಮ್ ಎಂದು.

ಸೈಕಲ್ ಹುಚ್ಚು ಇದ್ದದ್ದು ಮ್ಯಾನಿ ಪಶೇಕೋಗೆ. ಇಬ್ಬರೂ ಒಟ್ಟಿಗೇ ಕೆಲಸಕ್ಕೆ ಸೇರಿದವರು, ಒಂದೇ ಪಾಳಿ, ಊಟದ ಮೇಜಿನಲ್ಲಿ ಎದುರುಬದುರು ಕುರ್ಚಿ. ಎಲೆ ಉದುರುವ ಕಾಲ ಬಂತೆಂದರೆ ಮ್ಯಾನಿ ಭಾನುವಾರ ತಪ್ಪದೆ ಸೈಕ್ಲೋಕ್ರಾಸ್ ಪಂದ್ಯಕ್ಕೆ ಹೊರಡುತ್ತಿದ್ದ. ಯಾವುದೋ ಪಾರ್ಕಿನ ಹುಲ್ಲು, ಮರಳು, ಕೆಸರು, ದಿಬ್ಬಗಳ ನಡುವೆ ಎರಡೂ ಕಡೆ ಟೇಪು ಕಟ್ಟಿ ದಾರಿ ಮಾಡಿರುತ್ತಾರೆ. ಅಡ್ಡ ಹಲಗೆ ಬಂದಲ್ಲಿ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ, ಹಾರಿ, ಓಡಿ, ಮತ್ತೆ ಹತ್ತಬೇಕು. ಸುತ್ತ ನಿಂತ ಜನ ದನದ ಕೊರಳಗಂಟೆ ಅಲ್ಲಾಡಿಸುತ್ತ ಬಾಯಿಗೆ ಬಂದಂತೆ ಬೈಯುತ್ತಾರೆ. ಅಲ್ಲಿ ಪ್ರೀತಿ ತೋರಿಸುವ ಕ್ರಮವೇ ಅದು.

"ಸೈಕಲ್ ಇರೋದು ನಮ್ಮನ್ನ ಹೊರೋಕೆ ಕಣೋ, ನಾವು ಅದನ್ನ ಹೊರೋಕಲ್ಲ," ಎಂದು ನಾರ್ಮ್ ಹೀಯಾಳಿಸುತ್ತಿದ್ದ.

"ಪಾಪ, ಯಾವಾಗ್ಲೂ ಅದೇ ಹೊರ್ಬೇಕಾ? ಒಂದ್ಸಲ ನಾವೂ ಹೊರೋಣ ಬಿಡು," ಎನ್ನುತ್ತಿದ್ದ ಮ್ಯಾನಿ.

ಗೆದ್ದವನೇನಲ್ಲ ಮ್ಯಾನಿ. ಆದರೆ ಅವನಿಗೆ ಒಂದೇ ಒಂದು ಹೆಮ್ಮೆಯಿತ್ತು. ಎಲ್ಲರಿಗಿಂತ ಮುಂದಿರುವವನು ಇಡೀ ಒಂದು ಸುತ್ತು ಮುಂದಾಗಿ, ಹಿಂದಿನಿಂದ ಬಂದು ನಿಮ್ಮನ್ನು ದಾಟಿದನೋ, ನಿಮ್ಮ ಆಟ ಮುಗಿಯಿತು. ಸುತ್ತು ಮುಗಿಯುವ ಗೆರೆಯ ಬಳಿ ನಿಂತ ಅಧಿಕಾರಿ ಕೈ ತೋರಿಸಿ ಆಚೆ ಕಳಿಸುತ್ತಾರೆ. ಹಾಗೆ ಸಿಕ್ಕಿಬೀಳದೆ ಉಳಿದವರಿಗೆ ಮಾತ್ರ ಅಲ್ಲಿ ಹಿತ್ತಾಳೆಯ ಗಂಟೆ ಹೊಡೆಯುತ್ತಾರೆ: ಇನ್ನೊಂದೇ ಸುತ್ತು, ಹೋಗು ಎಂದು. "ಗಂಟೆ ಕೇಳಿಸ್ಕೊಳ್ದೆ ನಾನು ಮನೆಗೆ ಬರಲ್ಲ," ಎಂಬುದು ಮ್ಯಾನಿಯ ಮಾತು, ಮತ್ತು ಅವನು ಹಾಗೆ ಬಂದದ್ದೂ ಇಲ್ಲ.

ಆ ಮೇಲೆ ಒಂದು ಜನವರಿಯಲ್ಲಿ ಪಾಳುಬಿದ್ದ ಗಿರಣಿಯೊಂದಕ್ಕೆ ಬೆಂಕಿ ಬಿತ್ತು. ಮೇಲಿನ ಮಹಡಿಗೆ ಮ್ಯಾನಿ ಹೋದ. ಜೊತೆಗೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ವೀರಾಕ್ ಸೋಕ್. ಕಾಂಬೋಡಿಯಾದಿಂದ ಬಂದು ಅದೇ ಊರಲ್ಲಿ ನೆಲೆಸಿದವರ ಮಗ, ಪಂದ್ಯಗಳಲ್ಲಿ ಮ್ಯಾನಿಗೆ ಎಲ್ಲರಿಗಿಂತ ಸೊಗಸಾಗಿ ಬೈಯುತ್ತಿದ್ದವನು. ಕೆಳಗಿನ ಮಹಡಿಯಲ್ಲಿ ನಾರ್ಮ್ ಇದ್ದ. ಕಟ್ಟಡ ನಿಲ್ಲುವುದಿಲ್ಲ ಎಂದು ಗೊತ್ತಾದಾಗ ಹೊರಗೆ ನಿಂತ ಅಗ್ನಿಶಾಮಕ ಬಂಡಿಗಳ ಹಾರ್ನ್ ಉದ್ದಕ್ಕೆ ಕೂಗುತ್ತದೆ. ಅದು ಕೇಳಿತೆಂದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಗೆ ಬರಬೇಕು, ಬಂಡಿಯ ಮುಂದೆ ನಿಲ್ಲಬೇಕು, ಕ್ಯಾಪ್ಟನ್ ಹಾಜರಿ ಕೂಗುತ್ತಾನೆ. ಹಾಜರಿ ಮುಗಿದು ಅಪ್ಪಣೆ ಆಗುವವರೆಗೆ ಯಾರೂ ಮತ್ತೆ ಒಳಗೆ ಕಾಲಿಡುವಂತಿಲ್ಲ. ಅವತ್ತು ಹಾರ್ನ್ ಕೂಗಿತು, ನಾರ್ಮ್ ಬಂದು ನಿಂತ, ಕ್ಯಾಪ್ಟನ್ ಕೀಫ್ ಹೆಸರು ಕೂಗಿದ. ಎರಡು ಹೆಸರಿಗೆ ಯಾರೂ ಓಗೊಡಲಿಲ್ಲ. ಕೀಫ್ ಗಂಟಲು ಹರಿಯುವವರೆಗೆ ಆ ಎರಡೇ ಹೆಸರನ್ನು ಕೂಗುತ್ತಲೇ ಇದ್ದ.

ಮಣ್ಣಿನ ದಿನ ಬಂಡಿಯ ಮೂತಿಗೆ ಕೂರಿಸಿದ ಗಂಟೆಯನ್ನು ಸಂಪ್ರದಾಯದಂತೆ ಐದೈದು ಪೆಟ್ಟಾಗಿ ಬಿಟ್ಟು ಬಿಟ್ಟು ಹೊಡೆದರು. ಆಮೇಲೆ ಕೀಫ್ ಆ ಗಂಟೆಗೆ ಕ್ಯಾನ್ವಾಸಿನ ಮುಸುಕು ಕಟ್ಟಿಬಿಟ್ಟ.

ಬೇಸಿಗೆಯಲ್ಲಿ ಮ್ಯಾನಿಯ ಹೆಂಡತಿ ಲೂರ್ಡಿಸ್ ಸೈಕಲ್ಲನ್ನು ಕಾರಿನ ಮೇಲೆ ಹಾಕಿಕೊಂಡು ಠಾಣೆಗೆ ಬಂದಳು.

"ಗ್ಯಾರೇಜಲ್ಲಿ ಇದನ್ನ ದಿನಾ ನೋಡೋಕಾಗ್ತಿಲ್ಲ ನಾರ್ಮ್. ಮಾರೋಕೂ ಮನಸ್ಸು ಬರ್ತಿಲ್ಲ. ನೀನು ಓಡ್ಸು."

"ನಾನಾ? ನಾನು ಕೂತ್ರೆ ಇದು ಮುರಿಯುತ್ತೆ ತಾಯಿ."

"ಮುರೀಲಿ. ಅವನೇನು ಕಡಿಮೆ ಸಲ ಮುರಿದಿದಾನಾ? ಒಂದೇ ಒಂದ್ಸಲ ಇದಕ್ಕೆ ಗಂಟೆ ಕೇಳಿಸಿ ತಂದ್ಕೊಡು. ಆಮೇಲೆ ಗೋಡೆಗೆ ತೂಗು ಹಾಕ್ತೀನಿ."

ಬೆಂಕಿಗೆ ಹೆದರದ ನಾರ್ಮ್ ಲೂರ್ಡಿಸ್‌ಗೆ ಇಲ್ಲ ಎನ್ನಲು ಹೆದರಿದ. ಹೂಂ ಅಂದುಬಿಟ್ಟ.

ಬಂಡಿ ಓಡಿಸುವ ಡೆಸ್ಪಿನಾ ಕರಾಸ್ ಸೈಕಲ್ಲಿನ ಮೇಲಿನ ಕೊಳವೆಗೆ ಹಳದಿ ಬಣ್ಣದಲ್ಲಿ ಎರಡು ಹೆಸರು ಬರೆದಳು: ಪಶೇಕೋ, ಸೋಕ್. ಸೆಪ್ಟೆಂಬರಿನಲ್ಲಿ ನಾರ್ಮ್ ಅಖಾಡಕ್ಕಿಳಿದ. ಮೊದಲ ಪಂದ್ಯದ ಮೊದಲ ಹಲಗೆಯಲ್ಲೇ ಮುಗ್ಗರಿಸಿ ಮುಖ ಕೆಳಗಾಗಿ ಬಿದ್ದ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಾರ್ಮನಿಗೆ ಕೈಯೂ ಕೆಸರು, ಬಾಯಿಯೂ ಕೆಸರು. "ಏ ತಾತ, ಬಿತ್ತನೆ ಕಾಲ ಅಲ್ಲ ಇದು, ಏಳು!" ಎಂದು ಯಾರೋ ಕೂಗಿದರು. ಅಕ್ಟೋಬರಿನಲ್ಲಿ ಮರಳಿನ ಗುಂಡಿಯಲ್ಲಿ ಚೈನು ತುಂಡಾಯಿತು. ಮತ್ತೊಂದು ಕಡೆ ತನ್ನ ಪಕ್ಕದಲ್ಲಿ ಬಿದ್ದ ಹಲ್ಲಿನ ಡಾಕ್ಟರೊಬ್ಬನನ್ನು ಎತ್ತಿ ಕೂರಿಸಿ, ಮೊಣಕೈ ಆಡಿಸಿ ನೋಡಿ, ಹೆಸರು ವಿಳಾಸ ಎಲ್ಲ ವಿಚಾರಿಸುತ್ತ ನಿಂತ. ಹುಟ್ಟುಗುಣ ಸುಟ್ಟರೂ ಹೋಗದು. ಪ್ರತಿ ಸಲವೂ ಅಷ್ಟರಲ್ಲಿ ಎಲ್ಲರಿಗಿಂತ ಮುಂದಿದ್ದವನು ಹಿಂದಿನಿಂದ ಬಂದು ದಾಟುತ್ತಿದ್ದ. ಗೆರೆಯ ಬಳಿ ವಿನಿಫ್ರೆಡ್ ಎಂಬ ಅಧಿಕಾರಿ, ನಿವೃತ್ತ ಶಾಲಾ ಟೀಚರು, ಕೈ ಎತ್ತಿ ಆಚೆ ಕಳಿಸುತ್ತಿದ್ದಳು. ಗಂಟೆ ಅವಳ ಪಕ್ಕದಲ್ಲೇ ತೂಗುತ್ತಿತ್ತು.

ಆದರೂ ಮನುಷ್ಯ ಬಿಡಲಿಲ್ಲ. ಠಾಣೆಯ ಹಿಂದೆ ಹಲಗೆ ಇಟ್ಟುಕೊಂಡು ಹಾರುವುದನ್ನು ಕಲಿತ. ಪೈಯ ಕೊನೆಯ ತುಂಡನ್ನು ಬೇರೆಯವರಿಗೆ ಬಿಟ್ಟುಕೊಟ್ಟ ದಿನ ಠಾಣೆಯವರಿಗೆ ಇದು ಆಟವಲ್ಲ ಎಂದು ಅರ್ಥವಾಯಿತು.

ಕೊನೆಯ ಪಂದ್ಯ ಡಿಸೆಂಬರಿನಲ್ಲಿ, ಅವರದೇ ಊರಿನ ನದಿ ಪಾರ್ಕಿನಲ್ಲಿ. ಅದು ತಪ್ಪಿದರೆ ಇನ್ನು ಮುಂದಿನ ವರ್ಷವೇ. ಕೀಫ್ ಪಾಳಿಯವರನ್ನೆಲ್ಲ ಕರೆದುಕೊಂಡು ಬಂಡಿಯನ್ನೇ ತಂದು ದಾರಿಯ ಪಕ್ಕದ ರಸ್ತೆಯಲ್ಲಿ ನಿಲ್ಲಿಸಿದ. ಲೂರ್ಡಿಸ್ ಕೂಡ ಬಂದಿದ್ದಳು, ಮ್ಯಾನಿಯ ಹಳೇ ಟೋಪಿ ಹಾಕಿಕೊಂಡು.

ನಾರ್ಮ್ ಅವತ್ತು ಓಡಿಸಿದ್ದನ್ನು ನೋಡಬೇಕಿತ್ತು. ಹಲಗೆಗಳನ್ನು ಕಾಲು ತಾಗದೆ ಹಾರಿದ, ದಿಬ್ಬವನ್ನು ಸೈಕಲ್ ಹೊತ್ತು ಓಡಿ ಹತ್ತಿದ, ಇಬ್ಬರನ್ನು ಹಿಂದೆ ಹಾಕಿದ. ಗಂಟೆ ಹೊಡೆಯುವ ಸುತ್ತು ಹತ್ತಿರವಾದಾಗಲೂ ಎಲ್ಲರಿಗಿಂತ ಮುಂದಿದ್ದವನು ಇನ್ನೂ ಅವನ ಬೆನ್ನಿಗೆ ಬಂದಿರಲಿಲ್ಲ. ಬಂಡಿಯ ಪಕ್ಕ ಹಾದು, ಒಂದು ತಿರುವು ದಾಟಿದರೆ ಗೆರೆ.

"ಬಂದ! ಬಂದ ಕ್ಯಾಪ್, ಸಿಕ್ಕೇ ಬಿಡ್ತು ಗಂಟೆ!" ಎಂದು ಡೆಸ್ಪಿನಾ ಕುಣಿದಳು.

ಕೀಫ್‌ಗೆ ಖುಷಿ ತಡೆಯಲಾಗಲಿಲ್ಲ. ಬಂಡಿಯೊಳಗೆ ಕೈಹಾಕಿ ಹಾರ್ನಿನ ಹಗ್ಗ ಹಿಡಿದು ಎಳೆದ. ಉದ್ದಕ್ಕೆ ಎಳೆದ.

ನಾರ್ಮ್ ನಿಂತ. ಸೈಕಲ್ಲಿನಿಂದಿಳಿದ, ಅದನ್ನು ನೆಲಕ್ಕೆ ಮಲಗಿಸಿದ, ಟೇಪಿನ ಕೆಳಗೆ ಬಗ್ಗಿ ಹೊರಗೆ ಬಂದು ಬಂಡಿಯ ಮುಂದಿನ ಚಕ್ರದ ಬಳಿ ನೆಟ್ಟಗೆ ನಿಂತ.

"ಏ, ಎಲ್ಲಿಗೋ ಬರ್ತಿದೀಯಾ? ಗೆರೆ ಆ ಕಡೆ!" ಎಂದು ಡೆಸ್ಪಿನಾ ನಕ್ಕಳು. ಮರುಕ್ಷಣ ಅವನ ಮುಖ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಕೀಫ್‌ನ ಕೈಯಿಂದ ಹಗ್ಗ ಜಾರಿತು. ಅಯ್ಯೋ, ಎಲ್ಲ ಬಿಟ್ಟು ತಾನೇ ಅವತ್ತಿನ ಹಾರ್ನ್ ಕೂಗಿಸಿದೆನಲ್ಲ ಎಂದುಕೊಂಡ. ನಾರ್ಮ್ ಹಿಂದೆ ಹಾಕಿದ್ದ ಇಬ್ಬರೂ ಅವನನ್ನು ದಾಟಿ ಹೋದರು.

"ನಾರ್ಮ್, ಹೋಗೋ," ಎಂದ ಕೀಫ್ ಮೆಲ್ಲಗೆ. "ಏನೂ ಆಗಿಲ್ಲ. ಹೋಗು."

ನಾರ್ಮ್ ಕದಲಲಿಲ್ಲ. ಹೋಗಲು ಒಲ್ಲೆ ಎಂದಲ್ಲ, ಕಾಲು ಏಳುತ್ತಿರಲಿಲ್ಲ. ಹಾಜರಿ ಆಗದೆ ಒಳಗೆ ಹೋಗುವಂತಿಲ್ಲ ಎಂಬುದು ಅವನ ಮೂಳೆಗೆ ಇಳಿದ ಪಾಠ. ಕೀಫ್‌ಗೆ ಅದು ಹೊಳೆಯಿತು. ಬಂಡಿಯ ಮುಂದೆ ಬಂದು ನಿಂತ.

"ಕರಾಸ್!"

"ಇದೀನಿ!" ಎಂದಳು ಡೆಸ್ಪಿನಾ.

"ಮೆಕಾರ್ಡಲ್!"

"ಇದೀನಿ ಕ್ಯಾಪ್!" ಎಂದ ಪೈಪು ಹಿಡಿಯುವ ಮೆಕಾರ್ಡಲ್.

"ಥಿಬೋಡೋ!"

"ಇದೀನಿ," ಎಂದ ನಾರ್ಮ್. ಆದರೂ ಅಲ್ಲೇ ನಿಂತ. ಅವನ ಕಿವಿ ಇನ್ನೂ ಕಾಯುತ್ತಿತ್ತು. ಸುತ್ತಲಿನ ದನದ ಗಂಟೆಗಳೂ ಒಂದೊಂದಾಗಿ ಸುಮ್ಮನಾದವು.

"ಪಶೇಕೋ," ಎಂದ ಕೀಫ್. ದನಿ ಒಡೆಯಿತು. "ಸೋಕ್."

ನಾರ್ಮ್ ಟೇಪಿನ ಆಚೆ ಕೆಸರಲ್ಲಿ ಮಲಗಿದ್ದ ಸೈಕಲ್ಲಿನ ಕಡೆ ತಿರುಗಿ ನೋಡಿದ. ಹಳದಿ ಅಕ್ಷರ ಕಾಣುತ್ತಿತ್ತು.

"ಇದಾರೆ ಕ್ಯಾಪ್. ಇಬ್ರೂ ನನ್ ಜೊತೇಲೇ ಇದಾರೆ."

"ಮತ್ತೆ ಇಲ್ಲೇನ್ ಮಾಡ್ತಿದೀಯೋ ಮುಠ್ಠಾಳ?" ಕೀಫ್‌ನ ಕೆನ್ನೆ ಒದ್ದೆಯಾಗಿತ್ತು. "ಕರ್ಕೊಂಡು ಹೋಗು ಒಳಗೆ!"

ನಾರ್ಮ್ ಟೇಪಿನಡಿ ನುಗ್ಗಿ ಸೈಕಲ್ ಎತ್ತಿಕೊಂಡ. ಹತ್ತುವಷ್ಟೂ ಪುರಸೊತ್ತಿಲ್ಲದೆ ಹೆಗಲಿಗೇರಿಸಿಕೊಂಡು ಓಡಿದ, ಆಮೇಲೆ ಹಾರಿ ಕೂತ. ಗೆರೆ ಕಣ್ಣೆದುರಿಗಿತ್ತು. ಆಗಲೇ ಪಕ್ಕದಲ್ಲಿ ಸುಯ್ಯೆಂದು ಎಲ್ಲರಿಗಿಂತ ಮುಂದಿದ್ದವನು ದಾಟಿ ಹೋದ. ಆ ಹುಡುಗ ತನ್ನ ಕೊನೇ ಸುತ್ತು ಮುಗಿಸಿ ಗೆದ್ದ, ಹಿಂದೆಯೇ ಬಂದ ನಾರ್ಮನಿಗೆ ವಿನಿಫ್ರೆಡ್ ಕೈ ಎತ್ತಿದಳು. ನಿಯಮ ನಿಯಮವೇ. ನಾರ್ಮ್ ವಾದಿಸುವವನಲ್ಲ, ಇಳಿದು, ಸೈಕಲ್ ತಳ್ಳಿಕೊಂಡು ಪಕ್ಕಕ್ಕೆ ನಿಂತ. ಪಂದ್ಯ ಮುಗಿದು ಎಲ್ಲರೂ ಬಂದು ಸೇರುವವರೆಗೆ ತಲೆ ಎತ್ತಲಿಲ್ಲ.

ಆಗ ರಸ್ತೆಯ ಕಡೆಯಿಂದ ಗಂಟೆ ಕೇಳಿಸಿತು. ಐದೈದು ಪೆಟ್ಟಲ್ಲ, ಬಿಡದೆ, ಒಂದೇ ಸಮನೆ, ಶಾಲೆ ಬಿಟ್ಟ ಹಾಗೆ. ಕೀಫ್ ಬಂಡಿಯ ಮೂತಿಯ ಮುಸುಕು ಕಿತ್ತೆಸೆದು ಎರಡೂ ಕೈಯಿಂದ ಹೊಡೆಯುತ್ತಿದ್ದ. "ಕೊನೇ ಸುತ್ತು!" ಎಂದು ಡೆಸ್ಪಿನಾ ಕಿರುಚಿದಳು. "ಥಿಬೋಡೋ, ಕೊನೇ ಸುತ್ತು!"

ನಾರ್ಮ್ ವಿನಿಫ್ರೆಡಳ ಮುಖ ನೋಡಿದ.

"ನನ್ ಗಂಟೆ ಬೇಕಾಬಿಟ್ಟಿ ಹೊಡೆಯೋಕಲ್ಲ," ಎಂದಳು ಆಕೆ. "ಬೇರೆಯವರ ಗಂಟೆ ಮೇಲೆ ನಂಗೇನು ಅಧಿಕಾರ? ಟೇಪ್ ಬಿಚ್ಚೋಕೆ ಇನ್ನೂ ಸ್ವಲ್ಪ ಹೊತ್ತಿದೆ."

ಖಾಲಿ ದಾರಿಯಲ್ಲಿ ನಾರ್ಮ್ ಒಬ್ಬನೇ ಹೊರಟ. ಜನ ಮನೆಗೆ ಹೋಗದೆ ಟೇಪಿನುದ್ದಕ್ಕೂ ನಿಂತು ಹೊಟ್ಟೆ ತುಂಬ ಬೈದರು. "ಬೇಗ ಬಾರೋ, ಊಟ ಆರತ್ತೆ!" "ಆಮೆಗೂ ನಾಚಿಕೆ ಆಗುತ್ತೆ ಕಣೋ!" ಸುತ್ತು ಮುಗಿಯುವವರೆಗೂ ಕೀಫ್ ಗಂಟೆ ನಿಲ್ಲಿಸಲಿಲ್ಲ.

ಗೆರೆ ದಾಟಿ ಇಳಿದವನು ಏದುಸಿರು ಬಿಡುತ್ತ ಸೈಕಲ್ಲನ್ನು ಲೂರ್ಡಿಸ್‌ನ ಮುಂದೆ ನಿಲ್ಲಿಸಿದ. "ಕೇಳಿಸ್ತಲ್ಲ?" ಎಂದ. "ತಗೋ. ಗೋಡೆಗೆ ಹಾಕು."

ಲೂರ್ಡಿಸ್ ಹಳದಿ ಹೆಸರುಗಳ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ಇದು ಲೆಕ್ಕಕ್ಕಿಲ್ಲ ಕಣೋ," ಎಂದಳು. "ಮ್ಯಾನಿ ಒಪ್ತಿರ್ಲಿಲ್ಲ. ಮುಂದಿನ ವರ್ಷ ಸರಿಯಾಗಿ ಕೇಳಿಸ್ಕೊಂಡು ಬಾ."

ಸೈಕಲ್ಲನ್ನು ಅವನ ಹೆಗಲಿಗೆ ಅವಳೇ ಎತ್ತಿ ಇಟ್ಟಳು. ನಾರ್ಮ್ ಅದನ್ನು ಹೊತ್ತುಕೊಂಡೇ ಬಂಡಿಯವರೆಗೆ ನಡೆದ.